ಅಜ್ಜನ ಗಾಡಿಯ ಬಾನುಲಿ

ಮುಂಬಯಿಯಲ್ಲಿ ಅನ್ನ ದೊರಕೀತು, ಮೂಲೆ ದೊರಕದು ಎಂದು ನಮ್ಮ ಅಜ್ಜ ಆಗಾಗ ಹೇಳುತ್ತಿದ್ದರು. ಮೂಲೆಯೆಂದರೆ ಅವರ ಮಾತಿನಲ್ಲಿ ಮನೆಯಲ್ಲ, ಕೋಣೆಯೂ ಅಲ್ಲ. ಒಬ್ಬ ಮನುಷ್ಯನು ಯಾರಿಗೂ ಅಡ್ಡವಾಗದೆ ಅರ್ಧ ಗಂಟೆಯ ಕಾಲ ತನ್ನಷ್ಟಕ್ಕೆ ತಾನು ಕುಳಿತಿರಬಹುದಾದ ಜಾಗ. ಈ ನಗರದಲ್ಲಿಯೇ ಬೆಳೆಯುತ್ತಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಡೊಂಬಿವಲಿಯ ನಮ್ಮ ಎರಡು ಕೋಣೆಗಳ ಮನೆಯಲ್ಲಿ ಏಳು ಜನರಿದ್ದೆವು. ಸಂಜೆಯಿಂದ ಮಲಗುವವರೆಗೆ ಟೀವಿಯ ಸದ್ದು. ಪರೀಕ್ಷೆಯ ಕಾಲದಲ್ಲಿ ನಾವು ಓದುತ್ತಿದ್ದುದು ಕಟ್ಟಡದ ಮೆಟ್ಟಿಲುಗಳ ಮೇಲೆ. ಅಂಥಲ್ಲಿ ಅಜ್ಜ ತಮಗೊಂದು ಮೂಲೆಯನ್ನು ಸಂಪಾದಿಸಿಕೊಂಡಿದ್ದರು. ಅದು ನಾಲ್ಕು ಚಕ್ರಗಳ ಮೇಲೆ ನಿಂತಿತ್ತು.

ಅದು ೧೯೭೮ರ ಪ್ರೀಮಿಯರ್ ಪದ್ಮಿನಿ. ಇಟಲಿಯ ಫಿಯಟ್ ೧೧೦೦ರ ಪೀಳಿಗೆಗೆ ಸೇರಿದ ಈ ಮೋಟಾರು ತಯಾರಾಗುತ್ತಿದ್ದುದು ನಮ್ಮ ಕುರ್ಲಾದಲ್ಲಿ. ಕಪ್ಪು ಹಳದಿ ಟ್ಯಾಕ್ಸಿಯ ರೂಪದಲ್ಲಿ ಒಂದು ಕಾಲಕ್ಕೆ ಇದು ಈ ನಗರದ ಗುರುತೇ ಆಗಿತ್ತು. ೨೦೨೩ರ ಅಕ್ಟೋಬರ್ ೩೦ರಂದು ಆ ಟ್ಯಾಕ್ಸಿಗಳು ಬೀದಿಯಿಂದ ನಿರ್ಗಮಿಸಿದಾಗ ಪತ್ರಿಕೆಗಳಲ್ಲಿ ಬಂದ ಚಿತ್ರಗಳನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅಜ್ಜ ಮೂಳಜಿ ಜೇಠಾ ಮಾರುಕಟ್ಟೆಯ ಒಬ್ಬ ಬಟ್ಟೆ ವ್ಯಾಪಾರಿಯ ಲೆಕ್ಕ ಬರೆಯುತ್ತಿದ್ದರು. ೧೯೮೬ರಲ್ಲಿ ಆ ವ್ಯಾಪಾರಿ ಹೊಸ ಗಾಡಿ ಕೊಂಡಾಗ ಹಳೆಯದನ್ನು ಕಡಿಮೆ ಬೆಲೆಗೆ ಅಜ್ಜನಿಗೆ ಬಿಟ್ಟುಕೊಟ್ಟರು. ವ್ಯಾಪಾರಿಗೆ ಕ್ರಿಕೆಟ್ ಆಟದ ವೀಕ್ಷಕ ವಿವರಣೆಯ ಹುಚ್ಚು. ಆದಕಾರಣ ಗಾಡಿಯಲ್ಲಿ ಐದು ಗುಂಡಿಗಳ ಒಂದು ರೇಡಿಯೋ ಇದ್ದಿತು. ಬಲಗಡೆಯ ಮಡ್‌ಗಾರ್ಡಿನ ಮೇಲೆ ನಾಲ್ಕು ಮಡಿಕೆಯಾಗಿ ಎಳೆದು ನಿಲ್ಲಿಸುವ ಏರಿಯಲ್ ಕೂಡ ಇದ್ದಿತು. ಆ ಕಾಲದಲ್ಲಿ ರೇಡಿಯೋ ಇಟ್ಟುಕೊಳ್ಳುವುದಕ್ಕೆ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಪರವಾನಗಿ ಪಡೆಯಬೇಕಾಗಿತ್ತೆಂಬುದು ನಮಗೆ ತಿಳಿದದ್ದು, ಗಾಡಿಯ ಖಾನೆಯಲ್ಲಿ ವ್ಯಾಪಾರಿಯ ಹೆಸರಿನ ಪುಟ್ಟ ಪುಸ್ತಕವೊಂದು ಸಿಕ್ಕಿದಾಗಲೇ. ಹಾಡು ಕೇಳುವುದಕ್ಕೂ ಲೈಸೆನ್ಸೇ ಎಂದು ನೀವು ನಕ್ಕೀರಿ. ಅದರಲ್ಲಿ ಅಂಟಿಸಿದ ಚೀಟಿಗಳ ಬಣ್ಣ ಇನ್ನೂ ಮಾಸಿಲ್ಲ.

ರಾತ್ರಿಯ ಊಟವಾದ ಮೇಲೆ ಅಜ್ಜ ಗೂಟದಲ್ಲಿದ್ದ ಬೀಗದ ಕೈ ತೆಗೆದುಕೊಂಡು, “ಗಾಡಿ ನೋಡಿ ಬರ್ತೇನಿ” ಎಂದು ಕೆಳಗಿಳಿಯುತ್ತಿದ್ದರು. “ಹೋಗ್ರಿ, ಪಾಪ, ಹಸದಿದ್ದೀತು” ಎಂದು ಅಜ್ಜಿ ಒಳಗಿನಿಂದ ಹೇಳುವರು. ಚಿಕ್ಕವರಾದ ನಾವು ಒಮ್ಮೊಮ್ಮೆ ಅವರ ಬೆನ್ನು ಹಿಡಿದು ಹೋಗಿ ಹಿಂದಿನ ಆಸನದಲ್ಲಿ ಕೂಡುತ್ತಿದ್ದೆವು. ಗಾಜುಗಳನ್ನು ಏರಿಸಿ, ಏರಿಯಲನ್ನು ಪೂರ್ತಿ ಎಳೆದು, ಅಜ್ಜ ರೇಡಿಯೋದ ಮುಳ್ಳನ್ನು ಕೂದಲೆಳೆಯಷ್ಟು ಈಚೆ, ಕೂದಲೆಳೆಯಷ್ಟು ಆಚೆ ಸರಿಸುವರು. ಕರಕರ ಸದ್ದಿನ ನಡುವಿನಿಂದ ‘ಆಕಾಶವಾಣಿ, ಧಾರವಾಡ’ ಎಂಬ ದನಿ ಎದ್ದುಬರುತ್ತಿತ್ತು. ಅದು ಹತ್ತಿರ ಬರುವುದು, ದೂರ ಹೋಗುವುದು, ಬಾವಿಯೊಳಗಿಂದ ಕರೆದಂತಾಗುವುದು, ಮತ್ತೆ ಕಿವಿಯ ಬಳಿಯಲ್ಲಿಯೇ ನಿಲ್ಲುವುದು. ಅಜ್ಜನ ಊರು ಧಾರವಾಡದಿಂದ ಎರಡು ಹರದಾರಿ ದೂರ. ಮುಂಬಯಿಯಲ್ಲಿ ಹುಟ್ಟಿದ ನಮಗೋ, ಕನ್ನಡವೆಂದರೆ ಮನೆಯ ಏಳು ಜನರೂ ಶಾಲೆಯ ಮಾಸ್ತರರೂ ಆಡುವ ಮಾತು. ಯಾರೆಂದು ನಾವರಿಯದ ಒಬ್ಬರು, ನಮ್ಮನ್ನೂ ಅರಿಯದೆ, ಎಲ್ಲಿಂದಲೋ ಕನ್ನಡದಲ್ಲಿ ಮಾತನಾಡುವುದನ್ನು ನಾವು ಮೊದಲು ಕೇಳಿದ್ದು ಆ ಗಾಡಿಯೊಳಗೆ.

ಆಕಾಶವಾಣಿ ಎಂಬ ಹೆಸರು ಕೂಡ ಬಾನುಲಿಗೆ ಬಂದದ್ದು ಕನ್ನಡ ನಾಡಿನಿಂದಲೇ ಎಂಬುದನ್ನು ಇಲ್ಲಿ ಹೇಳದೆ ಮುಂದುವರಿಯಲು ಮನಸ್ಸಿಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ಒಂದು ಸಣ್ಣ ಪ್ರೇಷಕವನ್ನಿಟ್ಟು ಪ್ರಸಾರ ಆರಂಭಿಸಿದರು. ಅದರ ಶಕ್ತಿ ೩೦ ವಾಟ್. ನಮ್ಮ ಮನೆಯ ದೀಪಕ್ಕಿಂತ ಹೆಚ್ಚೇನೂ ಅಲ್ಲ. ಆ ಕೇಂದ್ರಕ್ಕೆ ಆಕಾಶವಾಣಿ ಎಂಬ ಹೆಸರಾಯಿತು. ಮುಂದೆ ಇಡೀ ದೇಶದ ಬಾನುಲಿಗೆ ಅದೇ ಹೆಸರು ನಿಂತಿತು. ಧಾರವಾಡದ ಕೇಂದ್ರ ತೆರೆದದ್ದು ೧೯೫೦ರ ಜನವರಿ ೮ರಂದು.

ಅಜ್ಜ ೨೦೦೯ರಲ್ಲಿ ತೀರಿಕೊಂಡರು. ಗಾಡಿ ಕಟ್ಟಡದ ಅಂಗಳದ ಮೂಲೆಯಲ್ಲಿ ಹೊದಿಕೆ ಹೊದ್ದು ನಿಂತಿತು. ಮೊದಮೊದಲು ಅಪ್ಪ ವಾರಕ್ಕೊಮ್ಮೆ ಇಂಜಿನು ಚಾಲೂ ಮಾಡುತ್ತಿದ್ದರು, ಆಮೇಲೆ ತಿಂಗಳಿಗೊಮ್ಮೆ, ಕಡೆಗೆ ಅದೂ ನಿಂತಿತು. ಹುಡುಗರ ಚೆಂಡು ಬಡಿದು ಏರಿಯಲ್ ಎರಡನೆಯ ಮಡಿಕೆಯಲ್ಲಿ ಮುರಿಯಿತು. ೨೦೧೮ರ ಮಳೆಗಾಲ ಮುಗಿಯುವ ಹೊತ್ತಿಗೆ ಎರಡು ಸಂಗತಿಗಳು ಕೂಡಿ ಬಂದುವು. ಗಾಡಿಯ ನೋಂದಣಿಯನ್ನು ಮತ್ತೆ ಐದು ವರ್ಷಕ್ಕೆ ನವೀಕರಿಸುವ ಗಡುವು ಹತ್ತಿರವಾಯಿತು. ಅಂಗಳದಲ್ಲಿ ಜಾಗ ಸಾಲದೆಂದು, ಓಡದ ಗಾಡಿಗಳನ್ನು ತೆಗೆಯಬೇಕೆಂದು ಕಟ್ಟಡದವರ ಸಭೆಯಲ್ಲಿ ನಿಶ್ಚಯವಾಯಿತು. ಗುಜರಿಯವನು ಬಂದು ಬಾನೆಟ್ಟಿನ ಮೇಲೆ ಬೆರಳಿಂದ ಕುಟ್ಟಿ ಬೆಲೆ ಹೇಳಿಹೋದ. ಅಪ್ಪನ ಮಾತು ನ್ಯಾಯವಾಗಿಯೇ ಇತ್ತು: “ದೀಪಾವಳಿಯೊಳಗ ಓಡಿದರ ಇರಲಿ, ಇಲ್ಲಾಂದರ ಹೋಗಲಿ. ಅವ್ವ ಏನಂತಾಳೋ ಕೇಳ್ರಿ.” ಅಜ್ಜಿಯನ್ನು ಕೇಳಿದೆವು. ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತದೆ, “ಓಡಿ ಏನ ಮಾಡೂದೈತಿ? ಮಾತಾಡೂದಿದ್ದರ ನೋಡ್ರಿ” ಎಂದರು.

ಮಾತಾಡುವುದೆಂದರೆ ರೇಡಿಯೋ. ನಾವು ಮೂವರು, ಅಣ್ಣತಮ್ಮಂದಿರಿಬ್ಬರು ಮತ್ತು ಅತ್ತೆಯ ಮಗಳು, ಮೂವರೂ ಇದೇ ಶಾಲೆಯ ಬೆಂಚುಗಳಲ್ಲಿ ಕುಳಿತು ಹೋದವರು, ಈ ಕೆಲಸವನ್ನು ಕೈಗೆತ್ತಿಕೊಂಡೆವು.

ಇಂಜಿನಿನ ಕಥೆ ದೊಡ್ಡದೇನಲ್ಲ. ಪೆಟ್ರೋಲಿನ ಟಾಂಕಿ ತೊಳೆದು, ಕಾರ್ಬುರೇಟರ್ ಬಿಚ್ಚಿ, ಬ್ರೇಕಿನ ರಬ್ಬರುಗಳನ್ನು ಬದಲಿಸಿ, ಹೊಸ ಬ್ಯಾಟರಿ ಕೂಡಿಸಿದಾಗ ನಾಲ್ಕನೆಯ ದಿನ ಅದು ಕೆಮ್ಮಿ ಎದ್ದಿತು. ಪದ್ಮಿನಿಯ ಇಂಜಿನು ಬಡವರ ಎತ್ತಿನಂತೆ. ಸ್ವಲ್ಪ ಮೇವು ಹಾಕಿದರೆ ಸಾಕು. ಕಷ್ಟ ಇದ್ದದ್ದು ರೇಡಿಯೋದಲ್ಲಿ. ಮೆಕ್ಯಾನಿಕ್ಕನೂ ನೆರೆಯವರೂ ನಮ್ಮ ಸಹಪಾಠಿಗಳೂ ಒಂದೇ ಸಲಹೆ ಕೊಟ್ಟರು: ಹಳೆಯದನ್ನು ಕಿತ್ತು ಬಿಸಾಡಿ, ಎರಡು ಸಾವಿರಕ್ಕೆ ಹೊಸದು ಬರುತ್ತದೆ, ಎಫ್‌ಎಂ ಕೇಳುತ್ತದೆ, ಫೋನನ್ನೂ ಜೋಡಿಸಬಹುದು. ಸಲಹೆ ಕೆಟ್ಟದ್ದಲ್ಲ. ಆದರೆ ಎಫ್‌ಎಂ ಅಲೆಗಳು ಹೆಚ್ಚುಕಡಿಮೆ ಕಣ್ಣಿನ ದೃಷ್ಟಿಯಂತೆ ನೇರವಾಗಿ ಸಾಗಿ, ದಿಗಂತದ ಆಚೆ ಸ್ವಲ್ಪ ದೂರದಲ್ಲಿಯೇ ಮುಗಿದುಹೋಗುತ್ತವೆ. ಧಾರವಾಡವು ಡೊಂಬಿವಲಿಯಿಂದ ಹಕ್ಕಿ ಹಾರುವ ದಾರಿಯಲ್ಲಿ ೪೦೦ ಕಿಲೋಮೀಟರಿಗೂ ಹೆಚ್ಚು. ಅಲ್ಲಿಂದ ಇಲ್ಲಿಗೆ ಬರುವ ಯೋಗ್ಯತೆ ಇರುವುದು ಮಧ್ಯಮ ತರಂಗಕ್ಕೆ. ಅದೂ ರಾತ್ರಿಯಲ್ಲಿ ಮಾತ್ರ.

ಇನ್ನೊಂದು ಕಾರಣವೂ ಇದ್ದಿತು. ಹಳೆಯ ಗಾಡಿಗಳ ಸಲಕರಣೆಗಳನ್ನು ಕುರಿತು ಓದುತ್ತ ಹೋದಾಗ ವಿದೇಶಗಳ ಹವ್ಯಾಸಿಗಳು ಮಾಡುವ ಒಂದು ಕೆಲಸ ನಮ್ಮ ಕಣ್ಣಿಗೆ ಬಿತ್ತು. ಅವರು ರಿಪೇರಿ ಮಾಡುವುದು ಕಾರಿನ ದೂರವಾಣಿಯನ್ನು. ಚಲಿಸುವ ಮೋಟಾರಿನಿಂದ ಟೆಲಿಫೋನಿನಲ್ಲಿ ಮಾತನಾಡುವ ವ್ಯವಸ್ಥೆ ಸಾರ್ವಜನಿಕರಿಗೆ ಮೊದಲು ದೊರೆತದ್ದು ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ, ೧೯೪೬ರ ಜೂನ್ ೧೭ರಂದು. ಅದರ ಯಂತ್ರ ಸುಮಾರು ೩೬ ಕಿಲೋಗ್ರಾಂ ತೂಗುತ್ತಿತ್ತು. ಗಾಡಿಯ ಡಿಕ್ಕಿಯ ಬಹುಭಾಗವನ್ನು ಅದೇ ನುಂಗುತ್ತಿತ್ತು. ಮಾತನಾಡುವಾಗ ಗುಂಡಿ ಒತ್ತಬೇಕು, ಕೇಳುವಾಗ ಬಿಡಬೇಕು. ಇಡೀ ನಗರದಲ್ಲಿ ಏಕಕಾಲಕ್ಕೆ ಮೂರು ಗಾಡಿಗಳು ಮಾತನಾಡಿದರೆ ನಾಲ್ಕನೆಯದು ಕಾಯಬೇಕು. ನಗರವನ್ನು ಸಣ್ಣ ಸಣ್ಣ ಕ್ಷೇತ್ರಗಳಾಗಿ ಹಂಚಿ, ಗಾಡಿ ಒಂದರಿಂದ ಇನ್ನೊಂದಕ್ಕೆ ದಾಟುವಾಗ ಮಾತನ್ನೂ ದಾಟಿಸುವ ವ್ಯವಸ್ಥೆ ೧೯೮೩ರ ಅಕ್ಟೋಬರ್ ೧೩ರಂದು ಷಿಕಾಗೋದಲ್ಲಿ ಆರಂಭವಾಯಿತು. ಆ ಕಾಲದ ಕಾರುಗಳ ಹಿಂಗಾಜಿನ ಮೇಲೆ ನಡುವೆ ಸುರುಳಿ ಸುತ್ತಿದ, ಗೇಣುದ್ದದ ಒಂದು ಏರಿಯಲ್ ನಿಂತಿರುತ್ತಿತ್ತು. ಗಾಜಿಗೆ ತೂತು ಕೊರೆಯದೆಯೇ ಅದನ್ನು ಕೂಡಿಸುತ್ತಿದ್ದರು: ಗಾಜಿನ ಹೊರಮೈಗೊಂದು ಲೋಹದ ಫಲಕ, ಒಳಮೈಗೊಂದು; ನಡುವೆ ಗಾಜು ಇದ್ದರೂ ಅಲೆ ಈಚೆಯಿಂದ ಆಚೆಗೆ ದಾಟುವುದು. ಕಾರಿನಲ್ಲಿ ಫೋನಿರುವುದು ಶ್ರೀಮಂತಿಕೆಯ ಲಕ್ಷಣವೆನಿಸಿದಾಗ, ಫೋನಿಲ್ಲದವರೂ ಬರಿಯ ಏರಿಯಲನ್ನು ಕೊಂಡು ಗಾಜಿಗೆ ಅಂಟಿಸಿಕೊಂಡು ತಿರುಗಿದರಂತೆ. ಕಾಡಿಗೆಯಿಂದ ಮೀಸೆ ಬರೆದುಕೊಳ್ಳುವ ನಾಟಕದ ಹುಡುಗರು ಎಲ್ಲ ದೇಶಗಳಲ್ಲಿಯೂ ಇದ್ದಾರೆ.

ಹವ್ಯಾಸಿಗಳು ಆ ಫೋನನ್ನು ಉಜ್ಜಿ, ತಂತಿ ಬದಲಿಸಿ, ಏರಿಯಲನ್ನು ನೆಟ್ಟಗೆ ನಿಲ್ಲಿಸುತ್ತಾರೆ. ಗುಂಡಿ ಒತ್ತಿದರೆ ಹಸಿರು ಅಂಕೆಗಳು ಬೆಳಗುತ್ತವೆ. ಆದರೆ ಅದು ಯಾರನ್ನೂ ಕರೆಯಲಾರದು. ೨೦೦೮ರ ಫೆಬ್ರವರಿ ೧೮ರ ಅನಂತರ ಹಳೆಯ ಜಾಲವನ್ನು ನಡೆಸುವ ಕಟ್ಟುಪಾಡಿನಿಂದ ಅಲ್ಲಿಯ ಕಂಪೆನಿಗಳು ಬಿಡುಗಡೆ ಹೊಂದಿದುವು, ಜಾಲ ಮುಚ್ಚಿಹೋಯಿತು. ಕೆಲವರು ಹಳೆಯ ಕೈಹಿಡಿಯ ಒಳಗೆ ಬ್ಲೂಟೂತ್ ಯಂತ್ರವನ್ನು ಅಡಗಿಸಿ, ಜೇಬಿನಲ್ಲಿರುವ ಹೊಸ ಫೋನಿಗೆ ಅದನ್ನು ಜೋಡಿಸುತ್ತಾರೆ. ಜಾಣತನವೇನೋ ಹೌದು, ಆದರೆ ಹಿಂದೆ ಪರದೆಯ ಮರೆಯಲ್ಲಿ ಇನ್ನೊಬ್ಬರು ಹಾಡುತ್ತಿರುವಾಗ ಮುಂದೆ ಬಾಯಿ ಆಡಿಸಿದಂತೆ ನಮಗೆ ತೋರಿತು. ನಮ್ಮ ರೇಡಿಯೋದ ಅದೃಷ್ಟ ಅದಕ್ಕಿಂತ ಮೇಲು. ಅದನ್ನು ಕರೆಯುತ್ತಿದ್ದ ಕೇಂದ್ರ ಇನ್ನೂ ಕರೆಯುತ್ತಿತ್ತು. ಹಾಗೆಂದು ಬಹುಕಾಲ ಕಾಯುವ ಹಾಗೂ ಇರಲಿಲ್ಲ. ದೇಶದಲ್ಲಿ ಮಧ್ಯಮ ತರಂಗದ ಪ್ರೇಷಕಗಳು ಒಂದೊಂದಾಗಿ ನಿಲ್ಲುತ್ತ ಬಂದಿದ್ದುವು. ಕೇಳುವ ಯಂತ್ರವೊಂದರ ಆಯುಷ್ಯ ಮತ್ತೊಂದು ಊರಿನಲ್ಲಿ ಹೇಳುವವರ ಕೈಯಲ್ಲಿರುತ್ತದೆ.

ರೇಡಿಯೋವನ್ನು ಬಿಚ್ಚಿಕೊಂಡು ಲ್ಯಾಮಿಂಗ್ಟನ್ ರಸ್ತೆಗೆ ಹೋದೆವು. ಫೋನು ಮತ್ತು ಕಂಪ್ಯೂಟರುಗಳ ಅಂಗಡಿಗಳ ಹಿಂದಿನ ಗಲ್ಲಿಯಲ್ಲಿ, ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಕುಳಿತ ವೃದ್ಧರೊಬ್ಬರು ಇನ್ನೂ ಹಳೆಯ ರೇಡಿಯೋಗಳನ್ನು ಮುಟ್ಟುತ್ತಾರೆಂದು ತಿಳಿದಿದ್ದೆವು. ಎಲ್ಲರೂ ಅವರನ್ನು ಚಾಚಾ ಎನ್ನುವರು. ಅವರು ಮುಚ್ಚಳ ತೆಗೆದು, ಮೂಗಿನ ತುದಿಯ ಕನ್ನಡಕದ ಮೇಲಿನಿಂದ ಒಳಗೆ ನೋಡಿ, ಹಲವು ದಿನಗಳ ಮೇಲೆ ಹಳೆಯ ಗೆಳೆಯನನ್ನು ಕಂಡವರಂತೆ ನಕ್ಕರು. ಮನೆಯ ರೇಡಿಯೋದಲ್ಲಿ ಕೇಂದ್ರ ಹುಡುಕುವಾಗ ಕಂಡೆನ್ಸರಿನ ತೆಳು ತಗಡುಗಳು ಒಂದರೊಳಗೊಂದು ತಿರುಗುತ್ತವೆ. ಕುಲುಕಾಡುವ ಗಾಡಿಯಲ್ಲಿ ಆ ತಗಡುಗಳು ನಡುಗಿ ದನಿಯೂ ನಡುಗುವುದರಿಂದ, ಕಾರಿನ ರೇಡಿಯೋದಲ್ಲಿ ತಂತಿಸುರುಳಿಗಳೊಳಗೆ ಕಬ್ಬಿಣದ ಪುಡಿಯಿಂದಾದ ಕಡ್ಡಿಗಳು ಹಿಂದೆ ಮುಂದೆ ಸರಿಯುವಂತೆ ಮಾಡಿರುತ್ತಾರೆ. ಚಾಚಾ ಗುಂಡಿ ತಿರುಗಿಸಿ ಕಡ್ಡಿಗಳು ಒಟ್ಟಿಗೆ ಸರಿಯುವುದನ್ನು ನಮಗೆ ತೋರಿಸಿದರು. ಶಾಲೆಯ ಪ್ರಯೋಗಶಾಲೆಯಲ್ಲಿ ಸುರುಳಿಯೊಳಗೆ ಕಬ್ಬಿಣ ತೂರಿಸಿದರೆ ಅದರ ಪ್ರೇರಕತ್ವ ಹೆಚ್ಚುತ್ತದೆಂದು ಬರೆದು ಅಂಕ ಪಡೆದಿದ್ದೆವು. ಅದರಿಂದ ಒಂದು ಊರು ಹೋಗಿ ಇನ್ನೊಂದು ಊರು ಬರುತ್ತದೆಂದು ಆಗ ಯಾರೂ ಹೇಳಿರಲಿಲ್ಲ.

ಚಾಚಾ ಮೂರು ದಿನ ತೆಗೆದುಕೊಂಡರು. ಒಳಗಿನ ದ್ರವ ಒಣಗಿಹೋಗಿದ್ದ ಕಂಡೆನ್ಸರುಗಳನ್ನೆಲ್ಲ ಬದಲಿಸಿದರು. ದನಿಯ ಗುಂಡಿಯನ್ನು ತೊಳೆದರು. ಜಿರಲೆ ತಿಂದಿದ್ದ ಸ್ಪೀಕರಿನ ಕಾಗದವನ್ನು ತೆಗೆದು ಬೇರೆ ಕೂಡಿಸಿದರು. ಟ್ರಾನ್ಸಿಸ್ಟರುಗಳಲ್ಲಿ ಒಂದೂ ಕೆಟ್ಟಿರಲಿಲ್ಲ. ತಮ್ಮ ಗೂಡಿನ ತಂತಿಗೆ ಜೋಡಿಸಿ ಮುಂಬಯಿ ಕೇಂದ್ರವನ್ನು ಕೇಳಿಸಿ, ನಮ್ಮ ಕೈಗೆ ಕೊಡುವಾಗ ಹಿಂದಿಯಲ್ಲಿ ಹೇಳಿದ ಮಾತು ಇದು: “ಇದು ಮೂಗನೂ ಅಲ್ಲ, ಕಿವುಡನೂ ಅಲ್ಲ. ಆದರೆ ಕಿವಿ ನನ್ನ ಅಂಗಡಿಯಲ್ಲಿಲ್ಲ, ನಿಮ್ಮ ಗಾಡಿಯ ಮೇಲಿದೆ. ಅದನ್ನು ಮೊದಲು ನೋಡಿಕೊಳ್ಳಿ.”

ಏರಿಯಲ್ ಎಂದರೆ ಒಂದು ಕಡ್ಡಿ, ಹೊಸದನ್ನು ಸಿಕ್ಕಿಸಿದರಾಯಿತು ಎಂದು ತೋರುವುದು ಸಹಜ. ಸ್ವಲ್ಪ ಲೆಕ್ಕ ಮಾಡೋಣ. ಧಾರವಾಡದ ಕೇಂದ್ರ ಪ್ರಸಾರ ಮಾಡುತ್ತಿದ್ದುದು ೭೬೫ ಕಿಲೋಹರ್ಟ್ಸಿನಲ್ಲಿ. ಬೆಳಕಿನ ವೇಗವನ್ನು ಅದರಿಂದ ಭಾಗಿಸಿದರೆ ಅಲೆಯ ಉದ್ದ ಸುಮಾರು ೩೯೨ ಮೀಟರ್. ಇಂಥ ಅಲೆಯನ್ನು ಸರಿಯಾಗಿ ಹಿಡಿಯಬೇಕಾದರೆ ಅದರ ಕಾಲುಭಾಗ, ಎಂದರೆ ೯೮ ಮೀಟರ್ ಎತ್ತರದ ಕಂಬ ಬೇಕು. ನಮ್ಮ ಮಡ್‌ಗಾರ್ಡಿನ ಮೇಲಿದ್ದುದು ಒಂದು ಮೀಟರ್. ಸಮುದ್ರದಲ್ಲಿ ಚಮಚೆ ಅದ್ದಿದಂತೆ. ಆದ್ದರಿಂದ ಆ ಚಮಚೆಯಲ್ಲಿ ಬಂದದ್ದರಲ್ಲಿ ಒಂದು ಹನಿಯೂ ದಾರಿಯಲ್ಲಿ ಚೆಲ್ಲಬಾರದು. ಕಡ್ಡಿಯಿಂದ ರೇಡಿಯೋವರೆಗಿನ ತಂತಿಯೂ ಸಾಧಾರಣ ತಂತಿಯಲ್ಲ: ಹೊರಗೆ ಹೆಣೆದ ತಾಮ್ರದ ಕವಚ, ಒಳಗೆ ಕೊಳವೆ, ಕೊಳವೆಯ ನಡುವೆ ಹೆಚ್ಚುಕಡಿಮೆ ಗಾಳಿಯಲ್ಲಿಯೇ ತೂಗುವ ಕೂದಲಿನಂಥ ಎಳೆ. ಟೀವಿಯ ದಪ್ಪ ತಂತಿಯನ್ನು ಹಾಕಿದರೆ ಬಂದ ಹನಿಯೂ ಕವಚಕ್ಕೆ ಸೋರಿಹೋಗುತ್ತದೆ.

ಏರಿಯಲ್ ದೊರೆತದ್ದು ಚೋರ್ ಬಜಾರಿನಲ್ಲಿ. ಎರಡು ಶುಕ್ರವಾರ ಬರಿಗೈಯಲ್ಲಿ ಮರಳಿದ ಮೇಲೆ ಮೂರನೆಯ ಶುಕ್ರವಾರ, ಗ್ರಾಮಫೋನಿನ ತುತ್ತೂರಿಗಳ ಕೆಳಗೆ, ಯಾವುದೋ ಗಾಡಿಯಿಂದ ಕಳಚಿದ, ಬುಡದಿಂದ ತುದಿಯವರೆಗೆ ಅಖಂಡವಾದ ಒಂದು ಕಡ್ಡಿ ಸಿಕ್ಕಿತು. ಅಂಗಡಿಯವನು ಅದನ್ನು ಪುರಾತನ ವಸ್ತುವೆಂದು ಬೆಲೆ ಹೇಳಿದ. ಅತ್ತೆಯ ಮಗಳು ಅದನ್ನು ಗುಜರಿಯೆಂದು ಬೆಲೆ ಕೇಳಿದಳು. ಇಬ್ಬರೂ ನಡುವೆ ಎಲ್ಲಿಯೋ ಒಪ್ಪಿಕೊಂಡರು.

ಮನೆಗೆ ತಂದು ಮಡ್‌ಗಾರ್ಡಿನ ಕೆಳಗೆ ಬಗ್ಗಿ ನೋಡಿದಾಗ ನಿಜವಾದ ರೋಗ ತಿಳಿಯಿತು. ಏರಿಯಲಿನ ಬುಡವು ಗಾಡಿಯ ಲೋಹಕ್ಕೆ ಭದ್ರವ�ಾಗಿ ತಾಗಿರಬೇಕು. ಗಾಡಿಯ ಮೈಯೇ ಅದರ ಪಾಲಿನ ನೆಲ. ಅಲ್ಲಿ ನಲವತ್ತು ಮಳೆಗಾಲಗಳ ತುಕ್ಕು, ತುಕ್ಕಿನ ಮೇಲೆ ಬಣ್ಣ, ಬಣ್ಣದ ಮೇಲೆ ಟಾರಿನ ಲೇಪ. ಒಂದು ಭಾನುವಾರವೆಲ್ಲ ನಾವು ಮಲಗಿಕೊಂಡೇ ಉಜ್ಜುಕಾಗದದಿಂದ ಉಜ್ಜಿದೆವು. ತಗಡು ಹೊಸ ರೂಪಾಯಿಯಂತೆ ಹೊಳೆದಾಗ, ಹಲ್ಲಿರುವ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಸವರಿದೆವು. ಆಮೇಲೆ ಮೀಟರ್ ಹಿಡಿದು ಪರೀಕ್ಷೆ: ಕಡ್ಡಿಯ ತುದಿಯಿಂದ ತಂತಿಯ ನಡುಮೊಳೆಗೆ ವಿದ್ಯುತ್ತು ತಡೆಯಿಲ್ಲದೆ ಹರಿಯಬೇಕು, ನಡುಮೊಳೆಯಿಂದ ಕವಚಕ್ಕೆ ಕೊಂಚವೂ ಹರಿಯಬಾರದು, ಕವಚದಿಂದ ಗಾಡಿಯ ಮೈಗೆ ಮತ್ತೆ ತಡೆಯಿಲ್ಲದೆ ಹರಿಯಬೇಕು. ಮೂರೂ ಸರಿಯಾಗಿದ್ದುವು.

ಇಂಜಿನು ಚಾಲೂ ಮಾಡಿದೊಡನೆ ರೇಡಿಯೋದಲ್ಲಿ ಹುರಿಗಡಲೆ ಸಿಡಿದಂಥ ಸದ್ದು. ಇದು ಪ್ರತಿಯೊಂದು ಗಾಡಿಯ ಹುಟ್ಟುಗುಣ. ೧೮೮೦ರ ದಶಕದ ಕೊನೆಯಲ್ಲಿ ಜರ್ಮನಿಯ ಹೈನ್ರಿಖ್ ಹರ್ಟ್ಸ್ ವಿದ್ಯುತ್ ಕಿಡಿಯಿಂದ ಅಲೆಗಳನ್ನು ಹುಟ್ಟಿಸಿ ತೋರಿಸಿದನು; ೧೮೯೫ರಲ್ಲಿ ಕಲಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಅಂಥ ಅಲೆಗಳನ್ನು ಗೋಡೆಯಾಚೆಗೆ ಕಳುಹಿಸಿ ಗಂಟೆ ಬಾರಿಸಿದರು. ಪೆಟ್ರೋಲ್ ಇಂಜಿನಿನ ಸ್ಪಾರ್ಕ್ ಪ್ಲಗ್ಗಿನಲ್ಲಿ ಹಾರುವುದೂ ಅಂಥ ಕಿಡಿಯೇ. ನಾಲ್ಕು ಸಿಲಿಂಡರುಗಳ ಇಂಜಿನು ನಿಮಿಷಕ್ಕೆ ೩೦೦೦ ಸುತ್ತು ತಿರುಗುವಾಗ ಸೆಕೆಂಡಿಗೆ ೧೦೦ ಕಿಡಿಗಳು ಹಾರುತ್ತವೆ. ತನಗರಿವಿಲ್ಲದೆಯೇ ಗಾಡಿಯೂ ಒಂದು ಪ್ರಸಾರ ಕೇಂದ್ರ. ಅದರ ಕಾರ್ಯಕ್ರಮ ಮಾತ್ರ ಕೇಳುವಂತಿಲ್ಲ. ಪ್ಲಗ್ಗುಗಳ ತಂತಿಗೆ ನಿರೋಧಕಗಳನ್ನೂ, ಇಗ್ನಿಷನ್ ಸುರುಳಿಗೂ ಡೈನಮೋವಿಗೂ ಒಂದೊಂದು ಕಂಡೆನ್ಸರನ್ನೂ ಕೂಡಿಸಿದ ಮೇಲೆ ಹುರಿಗಡಲೆ ನಿಂತಿತು.

ದೀಪಾವಳಿಗೆ ಹತ್ತು ದಿನವಿದೆ ಎನ್ನುವಾಗ, ಒಂದು ರಾತ್ರಿ ಅಜ್ಜಿಯನ್ನು ಕೆಳಗೆ ಕರೆತಂದು ಮುಂದಿನ ಆಸನದಲ್ಲಿ ಕೂಡಿಸಿದೆವು. ಮುಂಬಯಿಯ ಎರಡು ಕೇಂದ್ರಗಳು ೫೫೮ರಲ್ಲಿಯೂ ೧೦೪೪ರಲ್ಲಿಯೂ ಬಂದುವು. ಅವುಗಳ ನಡುವೆ, ೭೬೫ ಇರಬೇಕಾದಲ್ಲಿ, ಜೇನುಹುಟ್ಟಿಗೆ ಕಿವಿಯಿಟ್ಟಂಥ ಗುಂಯ್‌ಗುಡುವಿಕೆ. ಮುಳ್ಳನ್ನು ಎಷ್ಟು ಸರಿಸಿದರೂ ಅದೇ. ಅಜ್ಜಿ ಕಾಲು ಗಂಟೆ ಕುಳಿತು, “ಇದು ಧಾರವಾಡ ಅಲ್ಲ, ಬರೇ ಗಿರಣಿ” ಎಂದು ಎದ್ದರು.

ಅಂಗೈಯಗಲದ ಒಂದು ಟ್ರಾನ್ಸಿಸ್ಟರನ್ನು ಹಿಡಿದು ನಾವು ಕಟ್ಟಡವನ್ನೆಲ್ಲ ಸುತ್ತಿದೆವು. ಮೆಟ್ಟಿಲ ಬಳಿಯ ಎಲ್‌ಇಡಿ ದೀಪದ ಹತ್ತಿರ ಹೋದರೆ ಗುಂಯ್‌ಗಾರ ಏರುವುದು. ಲಿಫ್ಟಿನ ಬಳಿ ಏರುವುದು. ಯಾರದೋ ಬಾಗಿಲಾಚೆ ಫೋನಿಗೆ ವಿದ್ಯುತ್ತು ತುಂಬುತ್ತಿದ್ದರೆ ಅಲ್ಲಿಯೂ ಏರುವುದು. ಮಿತವ್ಯಯದ ಈ ಸಲಕರಣೆಗಳೆಲ್ಲ ಒಳಗೊಳಗೆ ಸೆಕೆಂಡಿಗೆ ಸಾವಿರಾರು ಸಲ ವಿದ್ಯುತ್ತನ್ನು ಕಡಿದು ಜೋಡಿಸುತ್ತಿರುತ್ತವೆ; ಅಗ್ಗದವಾದರೆ ಆ ಗದ್ದಲ ಹೊರಗೆ ಚೆಲ್ಲುತ್ತದೆ. ಅಜ್ಜನ ಕಾಲದ ಬುರುಡೆ ದೀಪಗಳಿಗೆ ಆ ಗುಣವಿರಲಿಲ್ಲ. ನಮ್ಮ ರೇಡಿಯೋ ಗುಣವಾಗಿತ್ತು, ಊರಿನ ಗಾಳಿ ಕೆಟ್ಟಿತ್ತು. ಅರವತ್ತು ಮನೆಗಳ ದೀಪ ಆರಿಸಿರೆಂದು ಯಾರನ್ನು ಕೇಳುವುದು?

ಮರುದಿನ ಶನಿವಾರ. ಓಡುವ ಗಾಡಿಯನ್ನಿಟ್ಟುಕೊಂಡು ಒಂದೇ ಕಡೆ ನಿಂತು ಕೇಳಬೇಕೆಂಬ ನಿಯಮವೇನಿದೆ ಎಂದು ನಮಗೆ ಹೊಳೆಯಿತು. ಮಧ್ಯಾಹ್ನ ಚಹಾ ಕುಡಿದು, ಅಜ್ಜಿಯನ್ನು ಕೂಡಿಸಿಕೊಂಡು ಬದಲಾಪುರದ ಆಚೆ ಬಾರವಿ ಜಲಾಶಯದ ಹಾದಿ ಹಿಡಿದೆವು. ಕಂಬಗಳೂ ಮನೆಗಳೂ ಇಲ್ಲದ ಒಂದು ಬಯಲಿನಲ್ಲಿ, ಒಣಗಿದ ಹುಲ್ಲಿನ ಅಂಚಿಗೆ ಗಾಡಿ ನಿಲ್ಲಿಸಿ, ಇಂಜಿನು ಆರಿಸಿ, ಏರಿಯಲನ್ನು ಕೊನೆಯ ಮಡಿಕೆಯವರೆಗೆ ಎಳೆದೆವು. ಗಂಟೆ ಐದೂಮುಕ್ಕಾಲು. ಗುಂಯ್‌ಗಾರ ಇರಲಿಲ್ಲ. ೭೬೫ರಲ್ಲಿ ಏನೂ ಇರಲಿಲ್ಲ. ತೊಳೆದ ಹಲಗೆಯಂತೆ ಬರಿದು.

ಅದು ಹಾಗಿರಬೇಕಾದದ್ದೇ. ನಮ್ಮ ತಲೆಯ ಮೇಲೆ ವಾಯುಮಂಡಲದ ಎತ್ತರದ ಪದರಗಳಲ್ಲಿ ಸೂರ್ಯನ ಕಿರಣಗಳು ವಿದ್ಯುತ್ಕಣಗಳನ್ನು ಎಬ್ಬಿಸಿರುತ್ತವೆ. ಹಗಲಿನಲ್ಲಿ ಕೆಳಗಿನ ಪದರವು ಮಧ್ಯಮ ತರಂಗಗಳನ್ನು ಹೀರಿಬಿಡುತ್ತದೆ. ಸೂರ್ಯ ಮುಳುಗಿದರೆ ಆ ಪದರ ಬೇಗನೆ ಕರಗುತ್ತದೆ. ಆಗ ಅಲೆಗಳು ಅದನ್ನು ದಾಟಿ, ಸುಮಾರು ೧೦೦ ಕಿಲೋಮೀಟರ್ ಎತ್ತರದಲ್ಲಿ ಉಳಿದಿರುವ ಪದರಕ್ಕೆ ತಾಗಿ ನೆಲಕ್ಕೆ ಮರಳುತ್ತವೆ. ಭೂಪಟದ ಮೇಲೆ ಅಳತೆಪಟ್ಟಿಯಿಟ್ಟು ನೋಡಿದ್ದೆವು: ಧಾರವಾಡದಿಂದ ಹೊರಟ ದನಿ ನಮ್ಮ ಕಡೆಗೆ ಬಾಗುವ ತಾಣ ಕೊಯ್ನಾ ಕಣಿವೆಯ ಸುತ್ತಿನ ಸಹ್ಯಾದ್ರಿಯ ಮೇಲೆ ಬೀಳುತ್ತಿತ್ತು.

ಸೂರ್ಯ ಇಳಿದ. ಆರೂಕಾಲಿಗೆ ಮುಳ್ಳಿನ ಕೆಳಗೆ ಏನೋ ಉಸಿರಾಡಿದಂತಾಯಿತು. ಆರೂವರೆಗೆ ಒಂದು ವಾದ್ಯದ ದನಿ ಎದ್ದು ಮುಳುಗಿತು. ರೇಡಿಯೋದ ಪಕ್ಕದಲ್ಲಿ, ತಂತಿ ಸೇರುವ ಕಡೆ, ಒಂದು ಸಣ್ಣ ಸ್ಕ್ರೂ ಇರುತ್ತದೆ. ಏರಿಯಲಿಗೂ ರೇಡಿಯೋಗೂ ಹೊಂದಾಣಿಕೆ ಮಾಡುವುದು ಅದರ ಕೆಲಸ. ಕ್ಷೀಣವಾದ ಕೇಂದ್ರವೊಂದನ್ನು ಹಿಡಿದುಕೊಂಡೇ ಅದನ್ನು ತಿರುಗಿಸಬೇಕೆಂದು ಚಾಚಾ ಹೇಳಿದ್ದರು. ಒಬ್ಬರು ಬೆಳಕು ಹಿಡಿದು, ಒಬ್ಬರು ಉಸಿರು ಹಿಡಿದು, ಒಬ್ಬರು ಅದನ್ನು ತಿರುಗಿಸಿದೆವು. ಕಾಲು ಸುತ್ತು, ಇನ್ನೂ ಕೂದಲೆಳೆಯಷ್ಟು. ಬಾಗಿಲು ತೆರೆದು ಒಳಗೆ ಬಂದವರಂತೆ ಗಂಡಸೊಬ್ಬರ ದನಿ ಗಾಡಿಯನ್ನು ತುಂಬಿತು. ರೈತರ ಕಾರ್ಯಕ್ರಮ, ಹಿಂಗಾರಿ ಕಡಲೆಯ ಬಿತ್ತನೆಯನ್ನು ಕುರಿತು ಯಾರೋ ತಿಳಿದವರು ನಿಧಾನವಾಗಿ ಹೇಳುತ್ತಿದ್ದರು. ಬೀಜಕ್ಕೆ ಔಷಧ ಸವರುವುದು, ಸಾಲಿನಿಂದ ಸಾಲಿಗೆ ಅಂತರ, ನೆಲದ ಹಸಿ.

ಅಜ್ಜಿ ಸೆರಗನ್ನು ಮೊಣಕಾಲ ಮೇಲೆ ಕೂಡಿಸಿಕೊಂಡು, ಮುಂದಿನ ಗಾಜಿನಾಚೆಯ ಕತ್ತಲೆಯನ್ನು ನೋಡುತ್ತ ಕುಳಿತಿದ್ದರು. ಮದುವೆಯಾಗಿ ಮುಂಬಯಿಗೆ ಬಂದು ಐವತ್ತೆಂಟು ವರ್ಷಗಳಾಗಿದ್ದುವು. ದನಿ ಒಮ್ಮೆ ಮಸುಕಾಗಿ ಮರಳಿದಾಗ ಅವರು ರೇಡಿಯೋದ ಕಡೆಗೆ ತಿರುಗಿ, ಎದುರಿಗೆ ಕುಳಿತವರಿಗೆ ಹೇಳುವಂತೆ, “ಯರಿ ಹೊಲಕ್ಕ ಅಷ್ಟ ಆಳ ಬ್ಯಾಡ್ರಿ” ಎಂದರು. ತುಸು ಹೊತ್ತಿನ ಮೇಲೆ ನಮ್ಮನ್ನು ಕೇಳಿದರು: “ನಿಮ್ಮಜ್ಜ ದಿನಾ ಇದನ್ನ ಕೇಳತಿದ್ದರೇನು?” ಅವರು ಅಜ್ಜನೊಡನೆ ಒಂದು ರಾತ್ರಿಯೂ ಕೆಳಗೆ ಬಂದಿರಲಿಲ್ಲವೆಂಬುದು ನಮಗೆ ಆಗ ನೆನಪಾಯಿತು. ಪಾತ್ರೆ ತೊಳೆಯುವ ಹೊತ್ತು ಅದು.

ಬರುವಾಗ ಅಂಬರನಾಥದ ದೀಪಗಳು ಕಾಣಿಸಿಕೊಂಡೊಡನೆ ಗುಂಯ್‌ಗಾರ ಆರಂಭವಾಯಿತು. ರೇಡಿಯೋ ಆರಿಸಲು ಕೈ ಚಾಚಿದಾಗ ಅಜ್ಜಿ, “ಇರಲಿ, ಒಳಗ ಇದ್ದಾನ ಅವ” ಎಂದರು. ಗದ್ದಲದ ತಳದಲ್ಲಿ ಆ ದನಿ ಕಲ್ಯಾಣದವರೆಗೂ ಅಲ್ಲಲ್ಲಿ ತೇಲಿತು.

ಅಪ್ಪ ನೋಂದಣಿಯ ಕಾಗದಕ್ಕೆ ಸಹಿ ಹಾಕಿದರು. ಅಂಗಳದ ಜಾಗಕ್ಕೆ ತಿಂಗಳಿಗಿಷ್ಟು ಎಂದು ಹಣ ಕೊಡಲು ಒಪ್ಪಿದರು. ಅಜ್ಜಿ ಅಲ್ಲಿಗೆ ಬಿಡಲಿಲ್ಲ. ಕಟ್ಟಡದ ರಾತ್ರಿ ಕಾವಲುಗಾರನನ್ನು ಕರೆದು, ದಿನಾ ಒಂಬತ್ತರಿಂದ ಅರ್ಧ ಗಂಟೆ ಮೆಟ್ಟಿಲ ಬಳಿಯ ದೀಪ ಆರಿಸಬೇಕೆಂದೂ, ಯಾರಾದರೂ ಕೇಳಿದರೆ ತಮ್ಮ ಹೆಸರು ಹೇಳಬೇಕೆಂದೂ ತಮ್ಮ ಹಿಂದಿಯಲ್ಲಿ ತಿಳಿಸಿದರು. ಒಂದು ದೀಪ ಆರಿದ್ದರಿಂದ ಜೇನುಹುಟ್ಟು ಪೂರ್ತಿ ಸುಮ್ಮನಾಗಲಿಲ್ಲ. ಆದರೆ ಒಳ್ಳೆಯ ರಾತ್ರಿಗಳಲ್ಲಿ ವಾರ್ತೆಗಳು ತಿಳಿಯುವಷ್ಟು ಕೇಳಿದುವು. ನಾಲ್ಕೈದು ದಿನ ಕತ್ತಲೆಯಲ್ಲಿ ಗಾಡಿಯ ಬಳಿ ನಿಂತು ನೋಡಿದ ಕಾವಲುಗಾರ, ಈ ಪೆಟ್ಟಿಗೆಯಲ್ಲಿ ಪಾಟ್ನಾ ಬರುತ್ತದೆಯೇ ಎಂದು ನಮ್ಮನ್ನು ಕೇಳಿದ. ಪಾಟ್ನಾ ಧಾರವಾಡದ ಮೂರು ಪಟ್ಟು ದೂರ. ಬಯಲಿಗೆ ಹೋದರೆ, ರಾತ್ರಿ ಇನ್ನಷ್ಟು ಬಲಿತರೆ, ಬಂದರೂ ಬಂದೀತು ಎಂದೆವು. ಮುಂದಿನ ಶನಿವಾರ ಅವನು ರಜೆ ಪಡೆದ. ಬಾರವಿಯ ಹಾದಿಯಲ್ಲಿ ಗಾಡಿಯೊಳಗೆ ಐದು ಜನರಿದ್ದೆವು; ಅಜ್ಜಿ ತಾವಾಗಿಯೇ ಹಿಂದಿನ ಆಸನಕ್ಕೆ ಸರಿದು, ಮುಳ್ಳು ತಿರುಗಿಸುವ ಜಾಗವನ್ನು ಅವನಿಗೆ ಬಿಟ್ಟಿದ್ದರು.